ಬೆಂಚಿನ ತುದಿಯ ನೋಟ್‌ಬುಕ್: ಬ್ಯಾಸ್ಕೆಟ್‌ಬಾಲ್ ಅಸಿಸ್ಟೆಂಟ್ ಕೋಚ್ ಆಗೋ ದಾರಿ



ಹೋದ ವರ್ಷದ ಅಂತರ ಕಾಲೇಜು ಪಂದ್ಯ ನಮ್ಮಲ್ಲಿ ಹಲವರಿಗೆ ಇನ್ನೂ ನೆನಪಿದೆ. ಮೂರನೇ ಕ್ವಾರ್ಟರ್ ಮುಗಿಯೋ ಹೊತ್ತಿಗೆ ನಾವು ಮುಂದಿದ್ವಿ. ಅಷ್ಟರಲ್ಲಿ ನಮ್ಮ ಸೆಂಟರ್ ಆಟಗಾರನಿಗೆ ಐದನೇ ಫೌಲ್ ಬಿತ್ತು, ಹೊರಗೆ ಬಂದ. ಪಂದ್ಯ ಸೋತ್ವಿ. ಆಮೇಲೆ ಕೇಳಿದರೆ, "ನಂಗ ಮೂರ ಆಗ್ಯಾವ ಅನ್ಕೊಂಡಿದ್ನಲೇ" ಅಂದ. ಸ್ಕೋರರ್ ಟೇಬಲ್‌ನವರು ಪ್ರತಿ ಸಲವೂ ನಂಬರ್ ಎತ್ತಿ ತೋರಿಸಿದ್ದರು. ಬೆಂಚಿನ ಮೇಲಿದ್ದ ನಾವೆಲ್ಲ ಚಪ್ಪಾಳೆ ಹೊಡೀತಾ ಇದ್ವಿ, ಆ ಕಡೆ ಒಬ್ಬರೂ ನೋಡಿರಲಿಲ್ಲ.

ಮುಂದಿನ ಪಂದ್ಯಕ್ಕೆ ಕುಷ್ಟಗಿ ಕಡೆಯ ನಮ್ಮ ಸೀನಿಯರ್ ಅಣ್ಣ ಒಬ್ಬರು ಇನ್ನೂರು ಪೇಜಿನ ನೋಟ್‌ಬುಕ್ ಹಿಡ್ಕೊಂಡು ಬೆಂಚಿನ ತುದಿಗೆ ಕೂತರು. ಮೊಣಕಾಲು ನೋವಿನಿಂದ ಅವರು ಆಟ ಬಿಟ್ಟಿದ್ದರು. ಯಾರಿಗೆ ಎಷ್ಟು ಫೌಲ್, ಯಾರ ಕೈಯಿಂದ ಬಾಲ್ ಹೋಯ್ತು, ಟೈಮ್‌ಔಟ್ ಎಷ್ಟು ಉಳಿದಿವೆ, ಎಲ್ಲಾ ಬರೆದರು. ನಾಲ್ಕು ಪಂದ್ಯ ಆದ ಮೇಲೆ ಅವರೇ ಒಂದು ದಿನ ಕೇಳಿದರು: "ತಮ್ಮಾ, ಇದನ್ನ ಕೆಲಸ ಮಾಡ್ಕೋಬೇಕಂದ್ರ ಏನ್ ಓದಬೇಕು?"

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಹುಡುಕಿದ್ವಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಇದೇ ಪ್ರಶ್ನೆ ಇಟ್ಕೊಂಡಿರೋರಿಗೆ ಉಪಯೋಗ ಆಗಲಿ ಅಂತ ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀವಿ.

ಮೊದಲು, ಅಸಿಸ್ಟೆಂಟ್ ಕೋಚ್ ಮಾಡೋದೇನು?

ಹೆಡ್ ಕೋಚ್ ನಿರ್ಧಾರ ಮಾಡ್ತಾರೆ. ಆ ನಿರ್ಧಾರಕ್ಕೆ ಬೇಕಾದ ಮಾಹಿತಿಯನ್ನ ಸರಿಯಾದ ಹೊತ್ತಿಗೆ ಕೊಡೋರು ಅಸಿಸ್ಟೆಂಟ್ ಕೋಚ್. ಅಂತರರಾಷ್ಟ್ರೀಯ ನಿಯಮ ಪುಸ್ತಕದಲ್ಲೇ ಅವರಿಗೆ ಜಾಗ ಇದೆ. ಟೈಮ್‌ಔಟ್ ಕೇಳೋ ಹಕ್ಕು ಇರೋದು ಹೆಡ್ ಕೋಚ್ ಮತ್ತು ಮೊದಲ ಅಸಿಸ್ಟೆಂಟ್ ಕೋಚ್‌ಗೆ ಮಾತ್ರ. ಹೆಡ್ ಕೋಚ್ ಮುಂದುವರಿಯೋಕೆ ಆಗದಿದ್ದರೆ ಜವಾಬ್ದಾರಿ ಇವರ ಮೇಲೆ ಬೀಳುತ್ತೆ.

ಎಣಿಕೆ ಅಂದ್ರೆ ಬರೀ ಗೆರೆ ಎಳೆಯೋದಲ್ಲ. ಮೊದಲರ್ಧದಲ್ಲಿ ಎರಡು ಟೈಮ್‌ಔಟ್, ಎರಡನೇ ಅರ್ಧದಲ್ಲಿ ಮೂರು. ಒಬ್ಬ ಆಟಗಾರನಿಗೆ ಐದು ಫೌಲ್. ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲ್ ನಾಲ್ಕು ದಾಟಿದರೆ ಎದುರಾಳಿಗೆ ಎರಡು ಫ್ರೀ ಥ್ರೋ. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು "ಸರ್, ಅವನಿಗೆ ನಾಲ್ಕಾಗ್ಯಾವ, ಈಗ ಕೂಡ್ಸೂಣು" ಅಂತ ಮೊದಲೇ ಹೇಳಬೇಕು.

ಪಂದ್ಯ ಮುಗಿದ ಮೇಲಿನ ಕೆಲಸ ನಾವು ಇಂಜಿನಿಯರಿಂಗ್‌ನವರಿಗೆ ಇನ್ನೂ ಹತ್ತಿರದ್ದು. ಒಂದು ಉದಾಹರಣೆ ಮಾಡಿ ನೋಡೋಣ. ಒಂದು ತಂಡ 60 ಶಾಟ್ ಹೊಡೆದಿದೆ, ತನ್ನದೇ ಮಿಸ್ಸಾದ ಶಾಟ್‌ಗಳ 10 ರಿಬೌಂಡ್ ತಗೊಂಡಿದೆ, 18 ಸಲ ಬಾಲ್ ಕಳ್ಕೊಂಡಿದೆ, 15 ಫ್ರೀ ಥ್ರೋ ಹೊಡೆದಿದೆ ಅಂತ ಇಟ್ಕೊಳ್ಳಿ. ಬಾಲ್ ಎಷ್ಟು ಸರದಿ ಅವರ ಕೈಗೆ ಬಂತು ಅನ್ನೋದಕ್ಕೆ ಬಳಕೆಯಲ್ಲಿರೋ ಅಂದಾಜು ಲೆಕ್ಕ ಹೀಗಿದೆ: ಶಾಟ್, ಕಳೆ ಆ ರಿಬೌಂಡ್, ಕೂಡು ಕಳ್ಕೊಂಡ ಬಾಲ್, ಕೂಡು ಫ್ರೀ ಥ್ರೋದ 0.44 ಪಾಲು. ಅಂದ್ರೆ 60 − 10 + 18 + 6.6, ಸುಮಾರು 75 ಸರದಿ.

ಆ ತಂಡದ ಸ್ಕೋರ್ 60 ಆಗಿದ್ದರೆ ಒಂದು ಸರದಿಗೆ 0.8 ಪಾಯಿಂಟ್. ಆದರೆ 75ರಲ್ಲಿ 18 ಸರದಿ ಶಾಟ್ ಇಲ್ಲದೇ ಹೋಗಿವೆ. ಉಳಿದ 57 ಸರದಿಯಲ್ಲೇ 60 ಪಾಯಿಂಟ್ ಬಂದಿದೆ, ಅಂದ್ರೆ ಸರದಿಗೆ 1.05. ಕಳ್ಕೊಳ್ಳೋ ಬಾಲ್ 18ರಿಂದ 12ಕ್ಕೆ ಇಳಿದರೆ, ಯಾರೂ ಶಾಟ್ ಸುಧಾರಿಸದೇ ಇದ್ದರೂ ಸುಮಾರು ಆರು ಪಾಯಿಂಟ್ ಜಾಸ್ತಿ. ಹಾಗಾದ್ರೆ ನಾಳೆ ಬೆಳಗಿನ ಪ್ರಾಕ್ಟೀಸ್‌ನಲ್ಲಿ ಶಾಟ್‌ಗಿಂತ ಪಾಸಿಂಗ್‌ಗೆ ಹೆಚ್ಚು ಸಮಯ ಕೊಡಬೇಕು. ಈ ಒಂದು ಸಾಲಿನ ಸಲಹೆಯೇ ಅಸಿಸ್ಟೆಂಟ್ ಕೋಚ್‌ನ ದುಡಿಮೆ.

ಅಮೆರಿಕದಲ್ಲಿ ಅದೊಂದು ಮೆಟ್ಟಿಲು

ಈ ಹುದ್ದೆ ಪೂರ್ತಿಯಾಗಿ ಬೆಳೆದಿರೋದು ಅಮೆರಿಕದ ಕಾಲೇಜುಗಳಲ್ಲಿ. ಮಾರ್ಕ್ ಫ್ಯೂ ಅನ್ನೋರು 1989ರಲ್ಲಿ ಗೊಂಜಾಗಾ ವಿಶ್ವವಿದ್ಯಾಲಯದ ತಂಡಕ್ಕೆ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಸೇರಿ, 1999ರಲ್ಲಿ ಅಲ್ಲೇ ಹೆಡ್ ಕೋಚ್ ಆದರು. ಬಿಲ್ ಗತ್ರಿಜ್ ಅವರದ್ದು ಇನ್ನೂ ಉದ್ದದ ಕಾಯುವಿಕೆ. ನಾರ್ತ್ ಕೆರೊಲಿನಾದಲ್ಲಿ ಡೀನ್ ಸ್ಮಿತ್ ಅವರ ಪಕ್ಕ 1967ರಿಂದ 30 ವರ್ಷ ಅಸಿಸ್ಟೆಂಟ್ ಆಗಿದ್ದು, 1997ರಲ್ಲಿ ಹೆಡ್ ಕೋಚ್ ಆದರು. ಮೂರೇ ವರ್ಷದಲ್ಲಿ ಎರಡು ಸಲ ತಂಡವನ್ನ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕಕ್ಕೆ ಮುಟ್ಟಿಸಿದರು.

ದೊಡ್ಡ ಆಟಗಾರ ಆಗಿದ್ದರೆ ಮಾತ್ರ ಕೋಚ್ ಆಗಬಹುದು ಅನ್ನೋದೂ ನಿಜ ಅಲ್ಲ. 1891ರಲ್ಲಿ ಈ ಆಟ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಒಬ್ಬ ದೈಹಿಕ ಶಿಕ್ಷಣ ಮೇಷ್ಟ್ರು. ಅವರೇ ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆಗಿ 55 ಪಂದ್ಯ ಗೆದ್ದು 60 ಸೋತರು. ಆಟ ಗೊತ್ತಿರೋದು ಬೇರೆ, ತಂಡ ಕಟ್ಟೋದು ಬೇರೆ ವಿದ್ಯೆ.

ನಮ್ಮಲ್ಲಿ ಆ ಹುದ್ದೆ ಎಲ್ಲಿದೆ?

ಇಲ್ಲೇ ನಮ್ಮ ಅಣ್ಣನಿಗೆ ಬೇಜಾರಾಗಿದ್ದು. ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಅಂತ ಒಬ್ಬರು ಇರ್ತಾರೆ, ಅವರೇ ನಮ್ಮ ಪಿಡಿ ಸರ್. ಕಬಡ್ಡಿ, ಖೋ ಖೋ, ವಾಲಿಬಾಲ್, ಅಥ್ಲೆಟಿಕ್ಸ್, ಬ್ಯಾಸ್ಕೆಟ್‌ಬಾಲ್ ಎಲ್ಲಕ್ಕೂ ಅವರೊಬ್ಬರೇ. ವಿಟಿಯು 2022ರ ಸ್ಕೀಮ್‌ನಲ್ಲಿ ದೈಹಿಕ ಶಿಕ್ಷಣದ ತರಗತಿಯೂ ಇದೆ. ಬರೀ ಬ್ಯಾಸ್ಕೆಟ್‌ಬಾಲ್‌ಗೆ ಅಂತ ಅಸಿಸ್ಟೆಂಟ್ ಕೋಚ್ ಹುದ್ದೆ ನಮ್ಮ ಕಾಲೇಜಿನಲ್ಲಿ ಇಲ್ಲ. ಆ ಕೆಲಸವನ್ನ ಯಾರಾದರೊಬ್ಬ ಸೀನಿಯರ್ ಸಂಬಳ ಇಲ್ಲದೇ ಮಾಡ್ತಾರೆ, ಪಾಸಾಗಿ ಹೋಗ್ತಾರೆ, ನೋಟ್‌ಬುಕ್ಕೂ ಅವರ ಜೊತೆ ಹೋಗುತ್ತೆ.

"ಅಸಿಸ್ಟೆಂಟ್ ಕೋಚ್" ಅನ್ನೋ ಹೆಸರಿನ ಹುದ್ದೆ ಇರೋದು ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ, ಅಂದ್ರೆ ಸಾಯ್‌ನಲ್ಲಿ. 2021ರಲ್ಲಿ ಅದು ಎಲ್ಲಾ ಆಟ ಸೇರಿ 220 ಅಸಿಸ್ಟೆಂಟ್ ಕೋಚ್ ಮತ್ತು 100 ಕೋಚ್ ಹುದ್ದೆಗಳಿಗೆ ಗುತ್ತಿಗೆ ಆಧಾರದ ಮೇಲೆ ಅರ್ಜಿ ಕರೆದಿತ್ತು.

ದಾರಿ ಒಂದಲ್ಲ, ಎರಡು

ಇದನ್ನ ದಯವಿಟ್ಟು ಗಮನವಿಟ್ಟು ಓದಿ. ಎರಡನ್ನೂ ಒಂದೇ ಅಂದ್ಕೊಂಡು ವರ್ಷ ಕಳ್ಕೊಳ್ಳೋದು ಸುಲಭ.

ಮೊದಲನೇದು ಕೋಚ್ ದಾರಿ. ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ. ಎಲ್ಲರೂ ಎನ್‌ಐಎಸ್ ಅಂತಾರೆ. ಅಲ್ಲಿ ಒಂದು ವರ್ಷದ ಕೋಚಿಂಗ್ ಡಿಪ್ಲೊಮಾ ಓದಬೇಕು. ಪದವಿ ಯಾವುದಾದರೂ ನಡೆಯುತ್ತೆ, ಆದರೆ ಆಟದಲ್ಲಿ ನಿಮ್ಮ ಸಾಧನೆ ನೋಡ್ತಾರೆ. ಬಿ.ಇ. ಸೇರಿ ಐದು ವರ್ಷ. ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಅದು ಒಳ್ಳೆ ಆರಂಭವೇ, ಆದರೆ ಡಿಪ್ಲೊಮಾಕ್ಕೆ ಸಮ ಅಲ್ಲ.

ಎರಡನೇದು ಪಿಡಿ ಸರ್ ಆಗೋ ದಾರಿ. ಎರಡು ವರ್ಷದ ಬಿ.ಪಿ.ಇಡಿ., ಆಮೇಲೆ ಎರಡು ವರ್ಷದ ಎಂ.ಪಿ.ಇಡಿ. ಬಿ.ಇ. ಸೇರಿ ಎಂಟು ವರ್ಷ. ಯುಜಿಸಿಯ 2018ರ ನಿಯಮದ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ನೆಟ್ ಅಥವಾ ಸೆಟ್, ಕಾಲೇಜು ಅಥವಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ ದಾಖಲೆ, ಜೊತೆಗೆ ದೈಹಿಕ ಪರೀಕ್ಷೆ ಬೇಕು. 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಣ್ಣುಮಕ್ಕಳು 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ನಮ್ಮ ಅಣ್ಣನ ಮೊಣಕಾಲಿನ ವಿಷಯ ಇಲ್ಲಿ ಬಂತು ನೋಡಿ. ಅದಕ್ಕೇ ಚಿಕಿತ್ಸೆ ಮುಂದೂಡಬ್ಯಾಡ್ರಿ ಅಂತ ನಾವು ಅವರಿಗೆ ಗಂಟುಬಿದ್ದಿದ್ದೀವಿ.

ಬಿ.ಇ. ಓದಿದವರು ಬಿ.ಪಿ.ಇಡಿ. ಸೇರಬಹುದಾ? ಸೇರಬಹುದು. ಎನ್‌ಸಿಟಿಇಯ 2014ರ ನಿಯಮದಲ್ಲಿ ಯಾವುದೇ ಪದವಿಯಲ್ಲಿ ಶೇ. 50 ಅಂಕದ ಜೊತೆ ಅಂತರ ಕಾಲೇಜು, ಜಿಲ್ಲಾ ಅಥವಾ ಶಾಲಾ ಮಟ್ಟದ ಮಾನ್ಯತೆ ಇರೋ ಕ್ರೀಡೆಯಲ್ಲಿ ಭಾಗವಹಿಸಿದ್ದರೆ ಅರ್ಹತೆ ಇದೆ. ಗೆದ್ದಿರಲೇಬೇಕು ಅಂತಿಲ್ಲ, ಆಡಿರಬೇಕು. ಆಡಿದ್ದಕ್ಕೆ ಕಾಗದ ಇರಬೇಕು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಕೊಪ್ಪಳ 371(ಜೆ) ವ್ಯಾಪ್ತಿಗೆ ಬರುತ್ತೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಆ ಮೀಸಲಾತಿ ಬೇಕಂದ್ರೆ ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಕೊಳ್ಳಿ. ಅರ್ಜಿ ಕರೆದ ಮೇಲೆ ಓಡಾಡೋದು ಬೇಡ.

ಈ ಸೆಮಿಸ್ಟರ್‌ನಲ್ಲೇ ಮಾಡಬಹುದಾದ್ದು

1. ಆಡಿದ ಪ್ರತಿ ಪಂದ್ಯದ ಪ್ರಮಾಣಪತ್ರ ಅವತ್ತೇ ಕೇಳಿ ತಗೊಳ್ಳಿ, ಸ್ಕ್ಯಾನ್ ಮಾಡಿಡಿ.

2. ತಂಡದ ನೋಟ್‌ಬುಕ್ ತಂಡದ್ದೇ ಆಗಿರಲಿ. ಪ್ರತಿ ವರ್ಷ ಜೂನಿಯರ್‌ಗೆ ದಾಟಿಸಿ.

3. ಮೊಬೈಲ್‌ನಲ್ಲಿ ಪಂದ್ಯ ರೆಕಾರ್ಡ್ ಮಾಡಿ, ಕಳ್ಕೊಂಡ ಬಾಲ್‌ಗಳನ್ನಷ್ಟೇ ಕತ್ತರಿಸಿ ತಂಡಕ್ಕೆ ತೋರಿಸಿ. ಎರಿಕ್ ಸ್ಪೋಲ್ಸ್ಟ್ರಾ 1995ರಲ್ಲಿ ಮಯಾಮಿ ಹೀಟ್ ತಂಡದ ವಿಡಿಯೋ ಕೋಣೆಯಲ್ಲಿ ಶುರು ಮಾಡಿ 2008ರಲ್ಲಿ ಆ ತಂಡದ ಹೆಡ್ ಕೋಚ್ ಆದರು.

4. ಶನಿವಾರ ನಿಮ್ಮೂರ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ತಗೊಂಡು ಮಕ್ಕಳಿಗೆ ಡ್ರಿಬ್ಲಿಂಗ್ ಕಲಿಸಿ. ಯಲಬುರ್ಗಾ ಕಡೆ ಎರಿ ಮಣ್ಣಿನ ಮೈದಾನ ಮಳೆಗಾಲದಲ್ಲಿ ಕಾಲಿಗೆ ಅಂಟುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಬಾಲ್ ಪುಟಿಯಲ್ಲ. ಅಲ್ಲಿ ಪಾಸಿಂಗ್ ಕಲಿಸಿ. ಇರೋ ನೆಲಕ್ಕೆ ತಕ್ಕ ಪಾಠ ಮಾಡೋದೂ ಕೋಚಿಂಗೇ.

ಒಂದು ಮಾತು ಮುಚ್ಚಿಡಬಾರದು. ಈ ದಾರಿಯಲ್ಲಿ ಕೆಲಸ ಕಡಿಮೆ, ಗುತ್ತಿಗೆ ಜಾಸ್ತಿ. ಮನೆಯಲ್ಲಿ "ಇಂಜಿನಿಯರಿಂಗ್ ಓದಿ ಬಾಲ್ ಹಿಡ್ಕೊಂಡ್ ಅಡ್ಡಾಡ್ತಿ ಏನ?" ಅಂತ ಕೇಳೇ ಕೇಳ್ತಾರೆ. ಸಾಲ ಮಾಡಿ ಓದಿಸಿದೋರ ಪ್ರಶ್ನೆ ಅದು, ಉತ್ತರ ಕೊಡಲೇಬೇಕು. ಕ್ಯಾಂಪಸ್‌ನಲ್ಲಿ ಸಿಕ್ಕ ಕೆಲಸಕ್ಕೆ ಸೇರಿ, ದುಡ್ಡು ಕೂಡಿಟ್ಟು, ಒಂದೆರಡು ವರ್ಷ ಬಿಟ್ಟು ಓದೋದೂ ತಪ್ಪಲ್ಲ.

ನಮ್ಮ ಅಣ್ಣ ಈಗ ಏನು ಮಾಡ್ತಿದ್ದಾರೆ ಅಂದ್ರೆ, ಎರಡನೇ ವರ್ಷ ಆಡಿದ ಪಂದ್ಯದ ಪ್ರಮಾಣಪತ್ರ ಹುಡುಕ್ತಿದ್ದಾರೆ. ಅವತ್ತು ಬಸ್ಸಿಗೆ ತಡ ಆಯ್ತು ಅಂತ ತಗೊಳ್ಳದೇ ಬಂದಿದ್ದರಂತೆ. ಪಿಡಿ ಸರ್ ಪತ್ರ ಬರೆದು ಕೊಟ್ಟಿದ್ದಾರೆ, ಬರೋ ಸೋಮವಾರ ಇಬ್ಬರೂ ಹೋಗಿ ಕೇಳ್ತಾರೆ. ನೋಟ್‌ಬುಕ್ ಮಾತ್ರ ನಮ್ಮ ಹತ್ತಿರ ಬಿಟ್ಟಿದ್ದಾರೆ. ಇನ್ನೂ ಎಂಬತ್ತು ಪೇಜ್ ಖಾಲಿ ಇದೆ. ಮುಂದಿನ ಪಂದ್ಯಕ್ಕೆ ಬೆಂಚಿನ ತುದಿಗೆ ಕೂರೋಕೆ ಯಾರು ಬರ್ತೀರಿ, ಹೇಳ್ರಿ.