‘ಆಹಾರದ ಘಟಕಗಳು’: ಶಾಲೆಯ ತಟ್ಟೆಯಿಂದ ಒಂದು ಪಾಠ

ಅಭ್ಯಾಸ ಬೋಧನೆಗಾಗಿ ನಾನು ಜಯನಗರದ ಸಮೀಪದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ 6ನೇ ತರಗತಿಗೆ ‘ಆಹಾರದ ಘಟಕಗಳು’ ಪಾಠವನ್ನು ಆರಿಸಿಕೊಂಡೆ. ನನ್ನ ಪೀಠಿಕಾ ಪ್ರಶ್ನೆ: “ಇವತ್ತು ಬೆಳಿಗ್ಗೆ ಏನು ತಿಂದಿರಿ?” ಇಡ್ಲಿ, ದೋಸೆ, ಚಪಾತಿ ಎಂಬ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಇಡ್ಲಿ ಎಂದಿದ್ದ ಹುಡುಗಿಯೊಬ್ಬಳು ವಿರಾಮದಲ್ಲಿ ಬಳಿ ಬಂದು, “ಮಿಸ್, ನಾನು ಬರೀ ಟೀ ಕುಡಿದು ಬಂದಿದ್ದೆ” ಎಂದಳು. ವೀಕ್ಷಣಾ ಪುಸ್ತಕದಲ್ಲಿ ಆ ದಿನದ ಪೀಠಿಕೆಗೆ ‘ಉತ್ತಮ’ ಎಂಬ ಷರಾ ಇತ್ತು.

ಒಳ್ಳೆಯ ಆಹಾರವನ್ನು ಮಗು ತಾನೇ ಆರಿಸಿಕೊಳ್ಳುತ್ತದೆ ಎಂಬಂತೆ ನಾನು ಪಾಠ ಯೋಜಿಸಿದ್ದೆ. ಆದರೆ ಮಗುವಿನ ತಟ್ಟೆಗೆ ಏನು ಬರಬೇಕೆಂಬುದನ್ನು ಮನೆಯ ಸಂಪಾದನೆ, ಮಾರುಕಟ್ಟೆಯ ಬೆಲೆ, ಸರ್ಕಾರದ ತೀರ್ಮಾನಗಳೂ ನಿರ್ಧರಿಸುತ್ತವೆ. ಆದ್ದರಿಂದ ಎರಡನೇ ಪಾಠವನ್ನು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಬಿಸಿಯೂಟದಿಂದ ಆರಂಭಿಸಿದೆ.

ಬೋಧನೋಪಕರಣಗಳು: ತಕ್ಕಡಿ, ಅಕ್ಕಿ, ತೊಗರಿಬೇಳೆ, ರಾಗಿ, ಸಾರಕ್ಕಿ ಮಾರುಕಟ್ಟೆಯಿಂದ ತಂದ ತರಕಾರಿ. 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ ನಿಗದಿಯಾದ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿಯನ್ನು ಗುಂಪುಗಳಲ್ಲಿ ತೂಗಿಸಿದೆ. ಈ ಊಟದಿಂದ 700 ಕಿಲೋ ಕ್ಯಾಲೊರಿ ಶಕ್ತಿ, 20 ಗ್ರಾಂ ಪ್ರೋಟೀನ್ ದೊರೆಯಬೇಕು ಎಂದು ವಿವರಿಸಿದೆ.

“ಇಷ್ಟೇ ಅಂತ ಯಾರು ಹೇಳಿದ್ದು ಮಿಸ್?” ಎಂದು ಒಬ್ಬ ಹುಡುಗ ಕೇಳಿದ. ಈ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು, 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಮಕ್ಕಳ ಹಕ್ಕಾಗಿಸಿದ್ದು, ಅದೇ ವರ್ಷ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲಿಗೆ 2024ರ ಫೆಬ್ರವರಿಯಲ್ಲಿ ರಾಗಿ ಮಾಲ್ಟ್ ಸೇರಿದ್ದು, ಎಲ್ಲವನ್ನೂ ಕಾಲರೇಖೆಯಾಗಿ ಬರೆದೆವು.

“ರಾಗಿಯೇ ಏಕೆ?” ಎಂಬುದು ನನ್ನ ಮುಂದಿನ ಪ್ರಶ್ನೆ. “ನಮ್ಮಜ್ಜಿ ಹೊಲದಲ್ಲಿ ಮಳೆ ನೀರಿಗೇ ಬೆಳೀತದೆ” ಎಂದು ಕನಕಪುರದ ಕಡೆಯ ಹುಡುಗಿ ಉತ್ತರಿಸಿದಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಹತ್ತಿರದ ಬೆಳೆ, ಕಡಿಮೆ ನೀರು, ಮೂಳೆಗೆ ಬಲ: ಮೂರೂ ಒಂದೇ ಧಾನ್ಯದಲ್ಲಿ ಸಿಕ್ಕವು.

ಮೌಲ್ಯಮಾಪನಕ್ಕೆ, ಬಿಸಿಯೂಟಕ್ಕೆ ಒಂದು ಪದಾರ್ಥ ಸೇರಿಸಿ ಕಾರಣ ಕೊಡಲು ಹೇಳಿದೆ. ಒಂದು ಗುಂಪು ನುಗ್ಗೆಸೊಪ್ಪನ್ನು ಆರಿಸಿತು. ಇನ್ನೊಂದು ಗುಂಪು ಮುದ್ದೆ ಎಂದಾಗ, “ಅಷ್ಟು ಜನಕ್ಕೆ ತೊಳಸೋರು ಯಾರು? ಅಡುಗೆ ಆಂಟಿಗೆ ಕೈ ನೋಯಲ್ವಾ?” ಎಂಬ ಆಕ್ಷೇಪ ಬಂತು. ಪೋಷಕಾಂಶಗಳ ಪಟ್ಟಿಯಷ್ಟನ್ನೇ ಬಾಯಿಪಾಠ ಮಾಡಿಸಿದ್ದರೆ ಈ ಯೋಚನೆ ಹುಟ್ಟುತ್ತಿರಲಿಲ್ಲ. ಟೀ ಕುಡಿದು ಬಂದಿದ್ದ ಹುಡುಗಿ ಈ ಸಲ ತಕ್ಕಡಿ ಹಿಡಿದಿದ್ದಳು.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ: ಮಗುವಿನ ಮನೆಯ ತಟ್ಟೆಯನ್ನು ತರಗತಿಯ ಮುಂದೆ ಬಿಚ್ಚಿಸಬೇಡಿ, ಶಾಲೆಯ ತಟ್ಟೆಯಿಂದ ಆರಂಭಿಸಿ.