ಡೋರ್ನಕಲ್ ಸಭಾಪ್ರಾಂತ್ಯದ ವೃತ್ತಾಂತ

ಒಬ್ಬ ಬಿಷಪರ ಮೇಲ್ವಿಚಾರಣೆಗೆ ಒಳಪಟ್ಟ ಸಭೆಗಳ ಸಮೂಹಕ್ಕೆ ಸಭಾಪ್ರಾಂತ್ಯವೆಂದು ಹೆಸರು. ಬಡವರಾದ ಹಳ್ಳಿಯವರು ತಮ್ಮ ಕಾಣಿಕೆಯಿಂದಲೇ ಇಂಥ ಕೆಲಸಕ್ಕೆ ಆಧಾರವಾಗಬಲ್ಲರೋ ಎಂದು ಸಂಶಯಪಡುವವರಿಗೆ ನಾವು ತೆಲುಗು ಸೀಮೆಯ ಡೋರ್ನಕಲ್ ಎಂಬ ಊರನ್ನು ತೋರಿಸುತ್ತೇವೆ. ಅದು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು; ಈಗ ತೆಲಂಗಾಣ ರಾಜ್ಯದಲ್ಲಿದೆ. ರೈಲುಮಾರ್ಗಗಳು ಕೂಡುವ ಸ್ಥಳವೆಂಬುದನ್ನು ಬಿಟ್ಟರೆ ಅದಕ್ಕೆ ಹೇಳಿಕೊಳ್ಳುವಂಥ ಪ್ರಖ್ಯಾತಿ ಇರಲಿಲ್ಲ.

1903ನೆಯ ಇಸವಿಯಲ್ಲಿ ತಿರುನೆಲ್ವೇಲಿಯ ತಮಿಳು ಕ್ರೈಸ್ತರು ತಮ್ಮದೇ ಆದ ಒಂದು ಮಿಷನ್ ಸಂಘವನ್ನು ಸ್ಥಾಪಿಸಿದರು. ಸೇವಕರೂ ಈ ದೇಶದವರು, ಹಣವೂ ಈ ದೇಶದ್ದು, ಆಡಳಿತವೂ ಈ ದೇಶದವರದು ಎಂಬುದೇ ಅದರ ನಿಬಂಧನೆ. ಆ ಸಂಘವು ತನ್ನ ಸೇವಕರನ್ನು ಪರಭಾಷೆಯ ಡೋರ್ನಕಲ್ ಸೀಮೆಗೆ ಕಳುಹಿಸಿತು. ಅನ್ಯರು ನಮ್ಮ ಬಳಿಗೆ ಬಂದು ಸುವಾರ್ತೆ ಸಾರುವುದನ್ನೇ ರೂಢಿಯಾಗಿ ಕಂಡಿದ್ದ ಆ ಕಾಲದಲ್ಲಿ ಇದು ಸಣ್ಣ ಸಾಹಸವಲ್ಲ.

ಸಂಘದ ಸ್ಥಾಪಕರಲ್ಲಿ ಒಬ್ಬರಾದ ವೇದನಾಯಗಂ ಸಾಮುವೇಲ್ ಅಜರ್ಯರು ವೆಳ್ಳಾಳನ್‌ವಿಳೈ ಎಂಬ ಹಳ್ಳಿಯ ಸಭಾಪಾಲಕರ ಮಗನಾಗಿ 1874ರಲ್ಲಿ ಹುಟ್ಟಿದವರು. 1909ರಲ್ಲಿ ಅವರು ಪಟ್ಟಣಗಳ ಕೆಲಸವನ್ನು ಬಿಟ್ಟು ಡೋರ್ನಕಲ್‌ಗೆ ಬಂದು, ಗುಡಾರದಲ್ಲಿ ವಾಸಿಸುತ್ತಾ ತೆಲುಗು ಕಲಿತರು. ಮರುವರ್ಷ ಎಡಿನ್‌ಬರೋ ನಗರದಲ್ಲಿ ಕೂಡಿದ ಲೋಕ ಮಿಷನ್ ಸಮ್ಮೇಳನದಲ್ಲಿ, ಮಿಷನೆರಿಗಳು ಭಾರತೀಯರಿಗಾಗಿ ಬಹಳ ತ್ಯಾಗಮಾಡಿದರೂ ಸರಿಸಮರಾದ ಸ್ನೇಹಿತರಂತೆ ಅವರೊಡನೆ ಬಾಳಲಿಲ್ಲವೆಂದು ಧೈರ್ಯವಾಗಿ ನುಡಿದರು. ಕೇಳಿದವರಲ್ಲಿ ಹಲವರು ಮುನಿದರು. ಆ ಮಾತು ಹೇಳಲೇಬೇಕಾಗಿತ್ತೆಂದು ನಾವು ಎಣಿಸುತ್ತೇವೆ.

ಮದ್ರಾಸಿನ ಬಿಷಪ್ ವೈಟ್‌ಹೆಡ್ಡರು ಇವರನ್ನೇ ಬಿಷಪರನ್ನಾಗಿ ನೇಮಿಸಬೇಕೆಂದು ಯತ್ನಿಸಿದಾಗ, ಭಾರತೀಯನ ಕೈಕೆಳಗೆ ಯೂರೋಪಿಯನರು ಹೇಗೆ ಕೆಲಸಮಾಡುವರೆಂದು ಆಕ್ಷೇಪಿಸಿದವರುಂಟು. ಆದರೂ 1912ನೆಯ ದಶಂಬರ 29ರಲ್ಲಿ ಕಲ್ಕತ್ತೆಯ ಸಂತ ಪೌಲನ ದೇವಾಲಯದಲ್ಲಿ ಅಜರ್ಯರಿಗೆ ಅಭಿಷೇಕವಾಯಿತು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯರೊಬ್ಬರು ಬಿಷಪರಾದದ್ದು ಇದೇ ಮೊದಲು. ಅವರಿಗೆ ಮೊದಲು ದೊರೆತದ್ದು ನಿಜಾಮರ ಸೀಮೆಯ ಒಂದು ಚಿಕ್ಕ ಭಾಗವೇ. ಮುಂದೆ, 1841ರಿಂದ ಚರ್ಚ್ ಮಿಷನರಿ ಸೊಸೈಟಿಯವರು ಸೇವೆಮಾಡುತ್ತಿದ್ದ ಮಚಲೀಪಟ್ಟಣದ ಕಡೆಯ ಸಭೆಗಳೂ ಇದಕ್ಕೆ ಕೂಡಿದವು. 1930ರ ದಶಕದ ನಡುವೆ ಸಭಿಕರ ಸಂಖ್ಯೆಯು ಎರಡು ಲಕ್ಷವನ್ನು ಮೀರಿತ್ತು.

ಇವರಲ್ಲಿ ಹೆಚ್ಚಿನವರು ಹೊಲಗಳಲ್ಲಿ ಕೂಲಿಮಾಡುವ ಮಾಲರೂ ಮಾದಿಗರೂ ಆಗಿದ್ದರು. ಹಳ್ಳಿಯವರೆಲ್ಲರೂ ಅಸ್ಪೃಶ್ಯರೆಂದು ದೂರವಿಟ್ಟ ಈ ಎರಡು ಕುಲದವರೂ ಒಬ್ಬರೊಡನೊಬ್ಬರು ಉಣ್ಣುತ್ತಿರಲಿಲ್ಲ. ಅವರನ್ನು ಕರ್ತನ ಒಂದೇ ಮೇಜಿನ ಬಳಿಗೆ ತರುವುದು ಬಿಷಪರಿಗೆ ಆಕ್ಷೇಪಕರೆಲ್ಲರ ಮಾತಿಗಿಂತ ಕಷ್ಟವಾಯಿತು. ದೀಕ್ಷಾಸ್ನಾನ ಹೊಂದಿದ ಮೇಲೂ ಆ ಭೇದವು ಪೂರ್ಣವಾಗಿ ಅಳಿಯಲಿಲ್ಲ. ಇದನ್ನು ಮರೆಮಾಡಿ ಚರಿತ್ರೆ ಬರೆಯುವುದು ನಮಗೆ ಸರಿಕಾಣದು. ಹಾಗಿದ್ದರೂ ಕೂಲಿಯಾಳುಗಳ ನಡತೆಯಲ್ಲಿ ಉಂಟಾದ ಬದಲಾವಣೆಯನ್ನು ಕಂಡು, ಅವರನ್ನು ದುಡಿಸಿಕೊಳ್ಳುತ್ತಿದ್ದ ಒಕ್ಕಲಿನವರಲ್ಲಿಯೂ ಅನೇಕರು ಸಭೆಗೆ ಸೇರಿದರು.

ಕೂಲಿಯವರಲ್ಲಿ ಹಣವೆಲ್ಲಿಂದ ಬರಬೇಕು? ಸ್ತ್ರೀಯರು ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಯಲ್ಲಿಟ್ಟು ಸಭೆಗೆ ಒಪ್ಪಿಸುತ್ತಿದ್ದರು. ಸುಗ್ಗಿಯಲ್ಲಿ ಧಾನ್ಯವೂ ಕೋಳಿಯೂ ಕಾಣಿಕೆಯಾಗಿ ಬರುತ್ತಿದ್ದವು. ಕಾಣಿಕೆ ಕೊಡುವುದನ್ನು ಕಲಿಯದ ಸಭೆಯು ಪರರ ಮನೆಯ ಕೂಸಾಗಿಯೇ ಉಳಿಯುವುದೆಂದು ಅಜರ್ಯರು ಭಾವಿಸಿದ್ದರು. ಈ ವಿಷಯವಾಗಿ ಒಂದು ಪುಸ್ತಕವನ್ನೂ ಬರೆದರು.

ಡೋರ್ನಕಲಿನ ಮುಖ್ಯ ದೇವಾಲಯವು 1939ನೆಯ ಜನವರಿ 6ರಲ್ಲಿ ಪ್ರತಿಷ್ಠೆಯಾಯಿತು. ಅದನ್ನು ಇಂಗ್ಲೆಂಡಿನ ಮಾದರಿಯಲ್ಲಿ ಕಟ್ಟಲಿಲ್ಲ. ಮಸೀದಿಯಲ್ಲಿರುವಂಥ ಗುಮ್ಮಟಗಳೂ ಮಂಟಪದಲ್ಲಿರುವಂಥ ಕಲ್ಲುಕಂಬಗಳೂ ಅಲ್ಲಿ ಒಂದಾಗಿ ನಿಂತಿವೆ.

1945ನೆಯ ಜನವರಿ 1ರಲ್ಲಿ ಅಜರ್ಯರು ತೀರಿಕೊಂಡರು. 1919ರ ತರಂಗಂಬಾಡಿ ಸಭೆಯಿಂದ ಮೊದಲುಗೊಂಡು ಅವರು ಶ್ರಮಿಸಿದ ಸಭೈಕ್ಯವು 1947ನೆಯ ಸೆಪ್ಟೆಂಬರ್ 27ರಲ್ಲಿ ಕೈಗೂಡಿತು. ಅಂದು ಡೋರ್ನಕಲ್ ಪ್ರಾಂತ್ಯವೂ ನಮ್ಮ ಮೈಸೂರು ಸೀಮೆಯ ಮೆಥೊಡಿಸ್ಟ್ ಸಭೆಗಳೂ ದಕ್ಷಿಣ ಭಾರತದ ಒಂದೇ ಸಭೆಯೊಳಗೆ ಸೇರಿದವು.