ಗಂಗಾಮೂಲದಿಂದ ಏಲೂರಿನವರೆಗೆ: ಪೆಂತೆಕೊಸ್ತ ಸಭೆಗಳಿಗೆ ಮಂಡಳಿ ಬಂದ ಬಗೆ

ಅಹಮದಾಬಾದು, ವಡೋದರೆ, ಸೂರತ್ತುಗಳ ಗಲ್ಲಿಗಳಲ್ಲಿ ಭಾನುವಾರ ಬೆಳಿಗ್ಗೆ ಹಾದುಹೋಗುವವರಿಗೆ ಯಾವುದಾದರೊಂದು ಬಾಡಿಗೆ ಕೋಣೆಯಿಂದ ಚಪ್ಪಾಳೆಯೂ ಹಾಡೂ ಕೇಳಿಬರುವುದುಂಟು. ಗೋಪುರವಿಲ್ಲ, ಗಂಟೆಯಿಲ್ಲ, ಬಾಗಿಲ ಮೇಲೆ ಒಂದು ಬೋರ್ಡು ಮಾತ್ರ. ಇವುಗಳಲ್ಲಿ ಹಲವು ಪೆಂತೆಕೊಸ್ತ ಪಂಥದ ಸಭೆಗಳು. ಪೋಪರಿಲ್ಲದ, ಬಹುಪಾಲು ಬಿಷಪ್ಪರೂ ಇಲ್ಲದ ಈ ಪಂಥಕ್ಕೆ ನಮ್ಮ ದೇಶದಲ್ಲಿ ಮಂಡಳಿ, ರಿಜಿಸ್ಟರು, ನಿಯಮಾವಳಿಗಳು ಹೇಗೆ ಬಂದವು? ಯಾವ ಮತದವರಿಗಾದರೂ, ಸಂಘ ಕಟ್ಟಿಕೊಂಡು ಪರಊರಿನಲ್ಲಿ ಬಾಳುವವರಿಗೆ ಈ ಚರಿತ್ರೆಯಲ್ಲಿ ಕಲಿಯತಕ್ಕದ್ದು ಇದೆ.

1. ಹೆಸರಿನ ಅರ್ಥ

ಪೆಂತೆಕೊಸ್ತ ಎಂಬುದು ಗ್ರೀಕ್ ಮಾತು, ಐವತ್ತನೆಯದು ಎಂದರ್ಥ. ಯೆಹೂದ್ಯರ ಪಸ್ಕ ಹಬ್ಬದಿಂದ ಲೆಕ್ಕ ಹಾಕಿದ ಐವತ್ತನೆಯ ದಿನ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮವು ಇಳಿಯಿತೆಂದೂ, ಅವರು ಬೇರೆ ಬೇರೆ ಭಾಷೆಗಳಲ್ಲಿ ಮಾತನಾಡಿದರೆಂದೂ ಬೈಬಲಿನ 'ಅಪೊಸ್ತಲರ ಕೃತ್ಯಗಳು' ಎಂಬ ಭಾಗದ ಎರಡನೆಯ ಅಧ್ಯಾಯ ಹೇಳುತ್ತದೆ. ಆ ಅನುಭವ ಇಂದಿಗೂ ಎಲ್ಲರಿಗೂ ದೊರೆಯತಕ್ಕದ್ದು ಎಂಬುದೇ ಈ ಪಂಥದವರ ಮುಖ್ಯ ನಂಬಿಕೆ. ಪಾದ್ರಿಗೆ ಮಾತ್ರವಲ್ಲ, ಕೂಲಿಯವನಿಗೂ ವಿಧವೆಗೂ ದೊರೆಯಬಹುದಾದ್ದರಿಂದ ಅಧಿಕಾರದ ಮೆಟ್ಟಿಲುಗಳಿಗೆ ಇಲ್ಲಿ ಮೊದಲು ಬೆಲೆಯಿರಲಿಲ್ಲ.

2. ಕನ್ನಡ ನಾಡಿನಲ್ಲಿ ಹುಟ್ಟಿದ ಹೆಣ್ಣುಮಗಳು

ಈ ಪಂಥದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಅಜೂಸಾ ಬೀದಿಯಿಂದ ಪ್ರಾರಂಭಿಸುತ್ತಾರೆ. ಅಲ್ಲಿ 1906ರ ಏಪ್ರಿಲಿನಲ್ಲಿ ಸೆಮೂರ್ ಎಂಬ ನೀಗ್ರೋ ಬೋಧಕರು ಪ್ರಾರ್ಥನಾಕೂಟಗಳನ್ನು ನಡೆಸಿದರು. ಗುಲಾಮರಾಗಿದ್ದವರ ಮಗ ಅವರು. ಆದರೆ ಅದಕ್ಕೆ ಒಂದು ವರ್ಷ ಮೊದಲೇ ನಮ್ಮ ದೇಶದಲ್ಲಿ ಇಂಥದೇ ಸಂಗತಿ ನಡೆದಿತ್ತು. ಅದರ ಕೇಂದ್ರ ಪುಣೆಯ ಬಳಿಯ ಕೆಡಗಾಂವ್. ಅದರ ನಾಯಕಿ ಪಂಡಿತಾ ರಮಾಬಾಯಿ.

ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ಸಹ್ಯಾದ್ರಿಯ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಕಾಡು ಅದು. ಮನೆಮಾತು ಮರಾಠಿಯಾದರೂ ಕನ್ನಡವನ್ನೂ ಬಲ್ಲವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೂ ಮಕ್ಕಳಿಗೂ ಸಂಸ್ಕೃತ ಕಲಿಸಿದರು. 1874ರ ಬರದಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. 1883ರಲ್ಲಿ ರಮಾಬಾಯಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮುಂದೆ ಕೆಡಗಾಂವಿನಲ್ಲಿ ಮುಕ್ತಿ ಸದನವನ್ನು ಕಟ್ಟಿದರು.

ಗುಜರಾತಿನಲ್ಲಿರುವ ನಾವು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಇಲ್ಲಿನ ಹಿರಿಯರು 'ಛಪ್ಪನಿಯೋ' ಎಂದು ನೆನೆಯುವ ಬರ, ಅಂದರೆ ವಿಕ್ರಮ ಸಂವತ್ 1956ರ ಬರ, ನಮ್ಮ ಲೆಕ್ಕದಲ್ಲಿ 1899-1900ರದು. ಆಗ ರಮಾಬಾಯಿಯವರ ಕಡೆಯವರು ಗುಜರಾತಿಗೆ ಬಂದು ಅನಾಥರಾದ ನೂರಾರು ಹೆಣ್ಣುಮಕ್ಕಳನ್ನು ಮುಕ್ತಿ ಸದನಕ್ಕೆ ಕರೆದೊಯ್ದರು. 1905ರ ಜೂನ್ ಕೊನೆಯಲ್ಲಿ ಅಲ್ಲಿ ಅಳು, ಹಾಡು, ಪ್ರಾರ್ಥನೆಗಳ ದೊಡ್ಡ ಅಲೆಯೆದ್ದಾಗ, ಸದನದಲ್ಲಿದ್ದವರಲ್ಲಿ ಇಂಥ ಬರದಿಂದ ಬದುಕಿ ಬಂದ ಹುಡುಗಿಯರೂ ಇದ್ದರು.

ಸದನದಲ್ಲಿ ದುಡಿಯುತ್ತಿದ್ದ ಮಿನ್ನೀ ಏಬ್ರಮ್ಸ್ ಎಂಬ ಅಮೆರಿಕದ ಮಹಿಳೆ 1906ರಲ್ಲಿ ಈ ಅನುಭವದ ಕುರಿತು ಒಂದು ಪುಸ್ತಿಕೆ ಬರೆದರು. ಅದರ ಪ್ರತಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿದ್ದ ಅವರ ಗೆಳತಿಗೆ ಹೋಯಿತು. ಗೆಳತಿಯ ಪತಿ ವಿಲ್ಲಿಸ್ ಹೂವರ್ ಅಲ್ಲಿ ಮೆಥೋಡಿಸ್ಟ್ ಬೋಧಕರು. 1909ರಲ್ಲಿ ಅವರ ಸಭೆಯಲ್ಲೂ ಅಲೆ ಎದ್ದಿತು. 1910ರಲ್ಲಿ ಅವರು ಹಳೆಯ ಸಭೆಯಿಂದ ಬೇರೆಯಾದರು. ಚಿಲಿಯ ಪೆಂತೆಕೊಸ್ತ ಸಭೆಗಳ ಮೂಲ ಅದೇ. ಹೀಗೆ ಮಹಾರಾಷ್ಟ್ರದ ಒಂದು ಹಳ್ಳಿಯ ಸುದ್ದಿ ಅಂಚೆಯ ಮೂಲಕ ಭೂಮಿಯ ಇನ್ನೊಂದು ಮಗ್ಗುಲಿಗೆ ತಲುಪಿತು.

3. ಜಗಳ ಹುಟ್ಟಿದ್ದು ಎಲ್ಲಿ?

1913ರಲ್ಲಿ ರಾಬರ್ಟ್ ಕುಕ್ ಎಂಬ ಅಮೆರಿಕದ ಬೋಧಕರು ಬೆಂಗಳೂರಿಗೆ ಬಂದರು. ಮುಂದೆ ಅವರ ಕೆಲಸ ತಿರುವಾಂಕೂರಿನಲ್ಲಿ ಬೆಳೆಯಿತು. ಅಲ್ಲಿ ಕೆ. ಇ. ಅಬ್ರಹಾಂ (1899-1974) ಎಂಬ ಶಾಲಾ ಉಪಾಧ್ಯಾಯರು ಸಿರಿಯನ್ ಸಭೆಯನ್ನು ಬಿಟ್ಟು ಈ ಪಂಥಕ್ಕೆ ಬಂದರು. 1924ರಲ್ಲಿ ಅವರ ಸುತ್ತ ಸೇರಿದ ಸಭೆಗಳಿಂದಲೇ ಇಂಡಿಯಾ ಪೆಂತೆಕೊಸ್ತ ದೇವಸಭೆ ತನ್ನ ಆರಂಭವನ್ನು ಎಣಿಸುತ್ತದೆ. ಕೆಲವು ವರ್ಷ ಅಬ್ರಹಾಂ ಕುಕ್ ಅವರೊಡನೆ ದುಡಿದರು, 1930ರಲ್ಲಿ ಬೇರೆಯಾದರು.

ಕಾರಣವೇನು? ಉಪದೇಶದಲ್ಲಿ ಭೇದ ಹೆಚ್ಚಾಗಿರಲಿಲ್ಲ. ಪ್ರಶ್ನೆ ಹಣದ್ದು, ಕಟ್ಟಡದ್ದು. ಹೊರದೇಶದಿಂದ ಬಂದ ಹಣದಲ್ಲಿ ಕಟ್ಟಿದ ಪ್ರಾರ್ಥನಾಮಂದಿರ ಯಾರದು? ಹಣ ತಂದವರದೋ, ಅದರಲ್ಲಿ ಕೂಡುವವರದೋ? ಸ್ಥಳೀಯ ಸಭೆ ತನ್ನ ಕಾರ್ಯವನ್ನು ತಾನೇ ನಡೆಸಬೇಕು, ಮಿಷನರಿಯ ಹಿಡಿತ ಕೂಡದು ಎಂದು ಅಬ್ರಹಾಂ ವಾದಿಸಿದರು. ದೇಶದಲ್ಲಿ ಸ್ವರಾಜ್ಯದ ಮಾತು ಮೊಳಗುತ್ತಿದ್ದ ಕಾಲ ಅದು ಎಂಬುದನ್ನು ಮರೆಯಬಾರದು. ಕುಕ್ ಅವರು 1936ರಲ್ಲಿ ಅಮೆರಿಕದ 'ಚರ್ಚ್ ಆಫ್ ಗಾಡ್' ಸಂಸ್ಥೆಯೊಡನೆ ಸೇರಿಕೊಂಡರು. ಅವರ ಕಡೆಯೂ ನ್ಯಾಯವಿರಲಿಲ್ಲವೆನ್ನಲಾಗದು: ದಾನಿಗಳಿಗೆ ಲೆಕ್ಕ ಒಪ್ಪಿಸಬೇಕಾದವರು ಅವರೇ ಆಗಿದ್ದರು.

ಮೂರನೆಯ ದಾರಿಯೂ ಇತ್ತು. ಪಾಲ್ ಎಂಬ ಮಲೆಯಾಳಿ ಬೋಧಕರು ಸ್ಥಾಪಿಸಿದ ಸಿಲೋನ್ ಪೆಂತೆಕೊಸ್ತ ಮಿಷನ್ನಿನಲ್ಲಿ ಸೇವಕರು ಮದುವೆಯಾಗದೆ, ಸ್ವಂತ ಆಸ್ತಿಯಿಲ್ಲದೆ, ಆಶ್ರಮದವರಂತೆ ಒಟ್ಟಿಗೆ ಬಾಳುತ್ತಾರೆ. ಆಸ್ತಿಯ ಪ್ರಶ್ನೆಯನ್ನು ಅವರು ಬಿಡಿಸಿದ್ದು ಹಾಗೆ. ಸಂಸಾರವಂದಿಗರ ಸಭೆಗಳಿಗೆ ಅದು ಸಾಧ್ಯವಿರಲಿಲ್ಲ.

4. ಏಲೂರಿನ ನೋಂದಣಿ

ಅಬ್ರಹಾಂ ಮತ್ತು ಅವರ ಜೊತೆಗಾರರು ಕಾಯಿದೆಯ ದಾರಿ ಹಿಡಿದರು. 1935ರಲ್ಲಿ ಆಂಧ್ರದ ಏಲೂರಿನಲ್ಲಿ ಸಭೆಯನ್ನು 1860ರ 21ನೆಯ ಕಾಯಿದೆ, ಅಂದರೆ ಸೊಸೈಟೀಸ್ ರಿಜಿಸ್ಟ್ರೇಷನ್ ಕಾಯಿದೆಯ ಮೇರೆಗೆ ನೋಂದಾಯಿಸಲಾಯಿತು. ಮಲೆಯಾಳಿಗಳ ಚಳವಳಿ ತೆಲುಗು ನಾಡಿನಲ್ಲಿ ನೋಂದಣಿಯಾದದ್ದರಿಂದಲೇ ಅದು ಒಂದೇ ಭಾಷೆಯದಲ್ಲವೆಂಬುದು ತಿಳಿಯುತ್ತದೆ. ಮುಂದೆ ಅದರ ರಚನೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು: ಕೆಳಗೆ ಸ್ಥಳೀಯ ಸಭೆ, ಹಲವು ಸಭೆ ಸೇರಿ ಸೆಂಟರು, ಅದರ ಮೇಲೆ ರಾಜ್ಯ ಅಥವಾ ಪ್ರಾಂತದ ಕೌನ್ಸಿಲು, ಎಲ್ಲಕ್ಕೂ ಮೇಲೆ ಜನರಲ್ ಕೌನ್ಸಿಲು. ಕೆಲಸ ಹುಡುಕಿ ಉತ್ತರಕ್ಕೆ ಹೋದ ನರ್ಸುಗಳು, ಗುಮಾಸ್ತರು, ಕಾರ್ಖಾನೆಯವರು ಹೋದ ಊರಿನಲ್ಲೆಲ್ಲಾ ಮನೆಯಲ್ಲಿ ಕೂಡಿ ಪ್ರಾರ್ಥಿಸಿದಾಗ ಇಂಥ ಪ್ರಾಂತಗಳು ಬೇಕಾದವು. ಪರಊರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ ಭಾಷೆಯದು: ಊರಿನಿಂದ ತಂದ ಮಾತಿನಲ್ಲೇ ನಡೆಸಬೇಕೆ, ಮಕ್ಕಳು ಶಾಲೆಯಲ್ಲಿ ಕಲಿಯುವ ಮಾತಿನಲ್ಲೇ? ಎರಡನೆಯದು ಜಾಗದ್ದು. ಕನ್ನಡ ಸಂಘದವರಿಗೆ ಎರಡೂ ಹೊಸವಲ್ಲ.

5. ಕಾಯಿದೆ ಹೇಳುವುದೇನು?

ಆ 1860ರ ಕಾಯಿದೆಯ ಮುಖ್ಯಾಂಶಗಳನ್ನು ತಿಳಿದಿರುವುದು ನಮಗೂ ಉಪಯುಕ್ತ.

(ಅ) ಕನಿಷ್ಠ 7 ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು.

(ಆ) ಸಂಘದ ಆಸ್ತಿ ಟ್ರಸ್ಟಿಗಳ ವಶಕ್ಕೆ ಕೊಟ್ಟಿರದಿದ್ದರೆ ಆಡಳಿತ ಮಂಡಳಿಯ ವಶದಲ್ಲಿರುವುದೆಂದೇ ಎಣಿಕೆ. ಅಧ್ಯಕ್ಷನ ಸ್ವಂತ ಆಸ್ತಿ ಅದಲ್ಲ.

(ಇ) ಚಂದಾ ಮೂರು ತಿಂಗಳಿಗೂ ಮೀರಿ ಬಾಕಿಯಿದ್ದ ಸದಸ್ಯನಿಗೆ ಮತವಿಲ್ಲ.

(ಈ) ಸಂಘದ ಉದ್ದೇಶವನ್ನು ಬದಲಿಸಬೇಕಾದರೆ, ಇಲ್ಲವೆ ಇನ್ನೊಂದು ಸಂಘದೊಡನೆ ಕೂಡಿಸಬೇಕಾದರೆ, 10 ದಿನ ಮುಂಚೆ ಸದಸ್ಯರಿಗೆ ಬರೆದು ತಿಳಿಸಬೇಕು. ಐದರಲ್ಲಿ ಮೂರು ಪಾಲು ಮತ ಬೇಕು. ಒಂದು ತಿಂಗಳ ಅಂತರದಲ್ಲಿ ಎರಡನೆಯ ವಿಶೇಷ ಸಭೆಯೂ ಅದನ್ನು ಅಷ್ಟೇ ಮತದಿಂದ ಒಪ್ಪಬೇಕು.

(ಉ) ಸಂಘ ಮುಚ್ಚಿದರೆ, ಸಾಲ ತೀರಿಸಿ ಉಳಿದುದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಬೇರೊಂದು ಸಂಘಕ್ಕೆ ಕೊಡಬೇಕು.

ಗುಜರಾತಿನಲ್ಲಿ ಇದರ ಜೊತೆಗೆ 1950ರ ಮುಂಬಯಿ ಪಬ್ಲಿಕ್ ಟ್ರಸ್ಟ್ಸ್ ಕಾಯಿದೆಯೂ ಇದೆ. 1960ರ ಮೇ 1ರಂದು ರಾಜ್ಯ ಬೇರೆಯಾದ ಮೇಲೂ ಅದು ಉಳಿಯಿತು. ಈಗ ಅದಕ್ಕೆ ಗುಜರಾತಿನ ಹೆಸರೇ ಇದೆ. ಧರ್ಮಕಾರ್ಯಕ್ಕಾಗಲಿ ಪರೋಪಕಾರಕ್ಕಾಗಲಿ ನೋಂದಾಯಿಸಿದ ಸಂಘ ಇದರ ಕೆಳಗೆ ಸಾರ್ವಜನಿಕ ಟ್ರಸ್ಟ್ ಎನಿಸುತ್ತದೆ. ಚಾರಿಟಿ ಕಮಿಷನರರ ಅನುಮತಿಯಿಲ್ಲದೆ ಅದರ ಜಮೀನು, ಕಟ್ಟಡಗಳನ್ನು ಮಾರುವಂತಿಲ್ಲ.

6. ಸಾರ

ಉತ್ಸಾಹದಿಂದ ಸಭೆ ಹುಟ್ಟುತ್ತದೆ. ಆದರೆ ಮೊದಲಿನವರು ತೀರಿಕೊಂಡ ಮೇಲೂ ಅದು ನಿಲ್ಲಬೇಕಾದರೆ ಬರೆದಿಟ್ಟ ನಿಯಮ ಬೇಕು. ಆತ್ಮದ ಮಾತನ್ನೇ ಮುಖ್ಯವೆಂದವರೂ ಕೊನೆಗೆ ಸದಸ್ಯರ ಪಟ್ಟಿ, ನಡವಳಿ ಪುಸ್ತಕ, ಲೆಕ್ಕದ ಪುಸ್ತಕಗಳ ಬಳಿಗೆ ಬಂದರು. ಮಂಡಳಿಯಾದ ಮಾತ್ರಕ್ಕೆ ಜಗಳ ನಿಲ್ಲುವುದಿಲ್ಲ. ಬಾಯಿಮಾತಿನ ಜಗಳ ಕಾಗದದ ಮೇಲೆ ಬಂದು ತೀರ್ಮಾನಕ್ಕೆ ಸಿಗುವಂತಾಗುತ್ತದೆ, ಅಷ್ಟೆ. ಅದೇನೂ ಸಣ್ಣ ಲಾಭವಲ್ಲ. ಹತ್ತು ಹತ್ತು ರೂಪಾಯಿ ಕೂಡಿಸಿ ಕೊಂಡ ಜಾಗ ಯಾರೋ ಒಬ್ಬರ ಹೆಸರಿನಲ್ಲಿ ಉಳಿದರೆ, ಅವರ ಕಾಲಾನಂತರ ವಾರಸುದಾರರ ಬಾಗಿಲಿಗೆ ಹೋಗಿ ನಿಲ್ಲಬೇಕಾದವರು ಹಣ ಕೊಟ್ಟವರೇ.

ಓದಿದ ಮೇಲೆ ಕೂಡಿ ಚರ್ಚಿಸಲು:

1. ಹಣ ಕೊಟ್ಟವರಿಗೂ ಬಳಸುವವರಿಗೂ ಮತಭೇದ ಬಂದರೆ ಕಟ್ಟಡದ ಮೇಲೆ ಯಾರ ಮಾತು ನಡೆಯಬೇಕು? ಏಕೆ?

2. ಸಂಘದ ಸಭೆ ಯಾವ ಭಾಷೆಯಲ್ಲಿ ನಡೆದರೆ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಬರುತ್ತಾರೆ?

3. ನೀವು ಸದಸ್ಯರಾಗಿರುವ ಸಂಘದ ನಿಯಮಾವಳಿಯನ್ನು ಓದಿದ್ದೀರಾ? ಓದಿರದಿದ್ದರೆ ಮುಂದಿನ ವಾರ್ಷಿಕ ಸಭೆಗೆ ಮೊದಲು ಕಾರ್ಯದರ್ಶಿಗಳಿಂದ ಒಂದು ಪ್ರತಿಯನ್ನು ಕೇಳಿ ಪಡೆಯಿರಿ.